ರೊಕ್ಕ ಕೊಟ್ಟ ಫೋನಿಗೆ ಕಂಪನಿಯ ಲಾಕ್ ಏಕೆ?

ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ತಡವಳ ಮಹಾರಾಷ್ಟ್ರದ ಅಂಚಿನ ಊರು. ಹೋಟಗಿಯಿಂದ ವಿಜಯಪುರದ ಕಡೆ ಹೊರಟ ರೈಲು ತಡವಳ ಬಿಟ್ಟು ಭೀಮಾ ನದಿ ದಾಟಿತೆಂದರೆ ಇಂಡಿ ತಾಲ್ಲೂಕಿನ ಲಚ್ಯಾಣ, ಅಂದರೆ ಕರ್ನಾಟಕ. ಎರಡೂ ದಡದ ಮನೆಮಾತು ಕನ್ನಡ. ಹೆಣ್ಣು ಕೊಡುವುದು, ತರುವುದು, ಜಾತ್ರೆ, ಬಾಜಾರ, ದವಾಖಾನೆ ಎಲ್ಲಕ್ಕೂ ಜನ ಹೊಳೆ ದಾಟುತ್ತಲೇ ಇರುತ್ತಾರೆ. ಆದರೆ ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಇವು ಎರಡು ಬೇರೆ ಸೀಮೆಗಳು. ಈಚೆಯದು ಮಹಾರಾಷ್ಟ್ರ–ಗೋವಾ ಸರ್ಕಲ್, ಆಚೆಯದು ಕರ್ನಾಟಕ ಸರ್ಕಲ್. ಟವರು ಬೇರೆ, ಸಿಮ್ಮು ಬೇರೆ, ಒಂದು ಕಾಲದಲ್ಲಿ ದರವೂ ಬೇರೆ ಇತ್ತು.

ಇಂಥ ಊರಿನಲ್ಲಿ ಫೋನ್ ಕೊಳ್ಳುವವರು ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಫೋನಿನಲ್ಲಿ ಯಾವ ಕಂಪನಿಯ ಸಿಮ್ ಬೇಕಾದರೂ ನಡೆಯುತ್ತದೆಯೇ, ಅಥವಾ ಒಂದೇ ಕಂಪನಿಯದು ಮಾತ್ರವೇ? ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನು ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಅಗ್ಗವಾಗಿ ಸಿಕ್ಕ ಆ ಫೋನಿಗೆ ನಾವು ತೆರುವ ಉಳಿದ ಬೆಲೆ ಏನು, ಯಾರಿಗೆ ಅದು ಹಗುರ, ಯಾರಿಗೆ ಭಾರ ಎಂಬುದನ್ನು ತೂಗಿ ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ದಿನಾಂಕವಿಲ್ಲದ ಲಾಕ್ ಯಾರಿಗೂ ಒಳ್ಳೆಯದಲ್ಲ. ಗಡಿಯ ಜನರಿಗಂತೂ ಕೊನೆಯ ದಿನಾಂಕ ಇರುವ ಲಾಕ್ ಕೂಡ ದುಬಾರಿಯೇ.

ಲಾಕ್ ಎಂದರೆ ಏನು ಎಂಬುದು ಮೊದಲು ತಿಳಿಯಬೇಕು. ಪ್ರತಿ ಸಿಮ್ಮಿನ ಒಳಗೆ ಸಾಮಾನ್ಯವಾಗಿ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಾವು ಡಯಲ್ ಮಾಡುವ ನಂಬರ್ ಬೇರೆ, ಇದು ಬೇರೆ. ಇದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405. ಅದರ ಮುಂದಿನ ಎರಡು ಮೂರು ಅಂಕಿಗಳು ಕಂಪನಿಯನ್ನು ಹೇಳುತ್ತವೆ. ನಮ್ಮ ದೇಶದಲ್ಲಿ ಇವು ಕಂಪನಿಯ ಜೊತೆಗೆ ಸರ್ಕಲ್ಲನ್ನೂ ಹೇಳುತ್ತವೆ: ಒಂದೇ ಕಂಪನಿಯ ಮಹಾರಾಷ್ಟ್ರದ ಸಿಮ್ಮಿಗೂ ಕರ್ನಾಟಕದ ಸಿಮ್ಮಿಗೂ ಈ ಅಂಕಿಗಳು ಬೇರೆ. ಲಾಕ್ ಮಾಡಿದ ಫೋನು ಸಿಮ್ ಹಾಕಿದ ಕೂಡಲೇ ಈ ಅಂಕಿಗಳನ್ನು ಓದಿ ತನ್ನೊಳಗಿನ ಪಟ್ಟಿಗೆ ಹೋಲಿಸಿ ನೋಡುತ್ತದೆ. ಪಟ್ಟಿಯಲ್ಲಿದ್ದರೆ ರೇಂಜ್ ಹಿಡಿಯುತ್ತದೆ, ಇಲ್ಲದಿದ್ದರೆ ನಿರಾಕರಿಸುತ್ತದೆ. ರೇಡಿಯೋ ಅದೇ, ಆಂಟೆನಾ ಅದೇ; ಎದುರಿನ ಟವರಿನ ಅಲೆಯನ್ನು ಹಿಡಿಯುವ ಶಕ್ತಿಯೂ ಅದಕ್ಕಿದೆ. ಹಿಡಿಯಬೇಡ ಎಂದು ಕಂಪನಿ ಅಪ್ಪಣೆ ಬರೆದಿಟ್ಟಿದೆ, ಅಷ್ಟೇ. ಲಾಕ್ ತೆಗೆಯುವುದೆಂದರೆ ಆ ಅಪ್ಪಣೆಯನ್ನು ಅಳಿಸುವುದು. ಅದಕ್ಕೆ ಹೊಸ ಬಿಡಿಭಾಗವೂ ಬೇಡ, ದೊಡ್ಡ ಖರ್ಚೂ ಇಲ್ಲ. ಹೀಗಾಗಿ ಲಾಕ್ ಒಂದು ವ್ಯಾಪಾರದ ನಿರ್ಧಾರ. ವ್ಯಾಪಾರದ ನಿರ್ಧಾರವನ್ನು ಕೊಳ್ಳುವವರು ಪ್ರಶ್ನಿಸಬಹುದು, ಪ್ರಶ್ನಿಸಬೇಕು.

ಭಾರತದ ಮಾರುಕಟ್ಟೆ ಬಹುಪಾಲು ತೆರೆದದ್ದೇ, ಅಂದರೆ ಲಾಕ್ ಇಲ್ಲದ್ದೇ ಆಗಿ ಬೆಳೆಯಿತು. ಇಲ್ಲಿ ಹೆಚ್ಚಿನವರದು ಪ್ರಿಪೇಯ್ಡ್. ಫೋನನ್ನು ಒಂದು ಅಂಗಡಿಯಲ್ಲಿ, ಸಿಮ್ಮನ್ನು ಇನ್ನೊಂದರಲ್ಲಿ ಕೊಂಡು, ರೊಕ್ಕ ಇದ್ದಾಗ ರಿಚಾರ್ಜ್ ಮಾಡಿಸುವುದು ನಮ್ಮ ರೂಢಿ. ಅಮೆರಿಕದಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಿ, ಫೋನಿನ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ತೀರಿಸುವ ಪದ್ಧತಿ ಬಹುಕಾಲ ನಡೆಯಿತು. ಲಾಕ್ ಬೇರೂರಿದ್ದು ಆ ಪದ್ಧತಿಯ ಜೊತೆಗೇ. 2008ರ ಆಗಸ್ಟಿನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ ಎರಡು ಪದ್ಧತಿಗಳ ಅಂತರ ಎದ್ದು ಕಂಡಿತು. ಅಮೆರಿಕದಲ್ಲಿ ಎರಡು ವರ್ಷದ ಕರಾರಿನೊಂದಿಗೆ ಅದರ ಬೆಲೆ 199 ಡಾಲರ್. ಇಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಅದೇ ಫೋನನ್ನು 31,000 ರೂಪಾಯಿಗೆ ಮಾರಿದವು. ಅಷ್ಟು ಕೊಟ್ಟರೂ ಫೋನು ಮಾರಿದ ಕಂಪನಿಗೇ ಲಾಕ್. ಲಾಕ್ ಇದ್ದರೆ ರಿಯಾಯಿತಿ ಇದ್ದೇ ಇರುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಇಷ್ಟು ಸಾಕು. ಲಾಕ್ ಮತ್ತು ರಿಯಾಯಿತಿ ಜೊತೆಯಾಗಿ ಬರಬಹುದು, ಬಾರದೆಯೂ ಇರಬಹುದು.

ಅದಕ್ಕೂ ಮೊದಲು, 2003ರ ಮಳೆಗಾಲದಲ್ಲಿ, ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನ್ ಕೊಡುವ ಯೋಜನೆ ತಂದಿತು. ಉಳಿದ ಹಣ ತಿಂಗಳ ಬಿಲ್ಲಿನಲ್ಲಿ. ಅಲ್ಲಿಯವರೆಗೆ ಮೊಬೈಲನ್ನು ದೂರದಿಂದ ನೋಡಿದ್ದ ಲಕ್ಷಾಂತರ ಜನರಿಗೆ ಅದು ಮೊದಲ ಫೋನು. ಆ ಯೋಜನೆ ಮಾಡಿದ ಉಪಕಾರವನ್ನು ಮರೆಯಬಾರದು. ದೇಶದಲ್ಲಿ ಕರೆಯ ದರ ಕುಸಿದದ್ದರಲ್ಲಿ ಅದರ ಪಾಲೂ ಇದೆ. ಆದರೆ ಸಿಡಿಎಂಎ ಎಂಬ ತಂತ್ರಜ್ಞಾನದ ಆ ಫೋನುಗಳಲ್ಲಿ ಸಿಮ್ ಇರಲಿಲ್ಲ. ನಂಬರನ್ನು ಫೋನಿನೊಳಗೇ ತುಂಬಿ ಕೊಡುತ್ತಿದ್ದರು. ಕಂಪನಿ ಬದಲಿಸಬೇಕೆಂದರೆ ಫೋನನ್ನೇ ಬಿಡಬೇಕಿತ್ತು. ಮುಂದೆ ಸಿಡಿಎಂಎ ತಂತ್ರಜ್ಞಾನವೇ ಹಿಂದೆ ಬಿದ್ದಿತು, 2017ರ ಕೊನೆಗೆ ಅದೇ ಕಂಪನಿ, ರಿಲಯನ್ಸ್ ಕಮ್ಯುನಿಕೇಷನ್ಸ್ ಎಂಬ ಹೊಸ ಹೆಸರಿನಲ್ಲಿ, ಮೊಬೈಲ್ ಸೇವೆಯಿಂದಲೇ ಹಿಂದೆ ಸರಿಯಿತು, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ಗೆ ಸೇರಿಹೋಯಿತು. ಈ ಎರಡೂ ಕಂಪನಿಗಳ ಸಿಡಿಎಂಎ ಫೋನುಗಳು ಕೆಡದೆ ಇದ್ದರೂ ಕೆಲಸಕ್ಕೆ ಬಾರದವಾದವು. ಇದಕ್ಕೆ ವ್ಯತಿರಿಕ್ತವಾಗಿ 2018ರಲ್ಲಿ ಏರ್‌ಸೆಲ್ ಎಂಬ ಮೊಬೈಲ್ ಕಂಪನಿ ದಿವಾಳಿಯಾದಾಗ ಅದರ ಗಿರಾಕಿಗಳು ಕಷ್ಟಪಟ್ಟರೂ ಫೋನ್ ಕಳೆದುಕೊಳ್ಳಲಿಲ್ಲ. ಅವರ ಕೈಯಲ್ಲಿದ್ದದ್ದು ಸಿಮ್ ಹಾಕುವ ಸಾಮಾನ್ಯ ಜಿಎಸ್ಎಂ ಫೋನು. ನಂಬರ್ ಪೋರ್ಟ್ ಮಾಡಿಸಿ, ಹೊಸ ಸಿಮ್ ಹಾಕಿ ಅದೇ ಫೋನಿನಲ್ಲಿ ಮುಂದುವರಿದರು. ಕಂಪನಿಗಳು ಹುಟ್ಟುತ್ತವೆ, ಸಾಯುತ್ತವೆ, ಒಂದರೊಳಗೊಂದು ಸೇರುತ್ತವೆ. ಗಿರಾಕಿ ತನ್ನ ಫೋನಿನ ಆಯುಷ್ಯವನ್ನು ಕಂಪನಿಯ ಆಯುಷ್ಯಕ್ಕೆ ಗಂಟು ಹಾಕುವುದು ವಿವೇಕವಲ್ಲ.

ಈಗ ಭೀಮೆಯ ದಡಕ್ಕೆ ಬರೋಣ. ಗಡಿಯ ಊರುಗಳಲ್ಲಿ ಫೋನು ಹತ್ತಿರದ ಟವರನ್ನು ಹುಡುಕುತ್ತದೆಯೇ ಹೊರತು ರಾಜ್ಯವನ್ನು ನೋಡುವುದಿಲ್ಲ. ಮಹಾರಾಷ್ಟ್ರದ ಸಿಮ್ ಇಟ್ಟುಕೊಂಡು ಸ್ವಂತ ಹೊಲದಲ್ಲಿ ನಿಂತವನ ಫೋನು ಹೊಳೆಯಾಚೆಯ ಕರ್ನಾಟಕದ ಟವರಿಗೆ ಅಂಟಿಕೊಂಡರೆ, ಕೂತಲ್ಲೇ ರೋಮಿಂಗ್. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ರೋಮಿಂಗ್ ದರ ಇಳಿಸಿದ ಮೇಲೂ ಬಂದ ಕರೆಗೆ ನಿಮಿಷಕ್ಕೆ 75 ಪೈಸೆಯವರೆಗೆ ತೆಗೆದುಕೊಳ್ಳಲು ಅವಕಾಶವಿತ್ತು. 2015ರಲ್ಲಿ ಅದು 45 ಪೈಸೆಗೆ ಇಳಿಯಿತು. ಹೊಳೆಯಾಚೆ ಕೊಟ್ಟ ಮಗಳಿಗೆ ಫೋನ್ ಹಚ್ಚಿದರೆ ಎಸ್‌ಟಿಡಿ. 2006ರಲ್ಲಿ ಬಿಎಸ್‌ಎನ್‌ಎಲ್ ದೇಶದಲ್ಲಿ ಎಲ್ಲಿಗೆ ಮಾತಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಒನ್ ಇಂಡಿಯಾ ಯೋಜನೆ ತಂದ ಮೇಲೆ ಆ ಭಾರ ಸ್ವಲ್ಪ ತಗ್ಗಿತು. ರಾಜ್ಯದ ನಡುವಿನ ಊರಿನವರಿಗೆ ರೋಮಿಂಗ್ ಎಂದರೆ ವರ್ಷಕ್ಕೊಮ್ಮೆ ಯಾತ್ರೆಗೆ ಹೋದಾಗಿನ ಖರ್ಚು. ಗಡಿಯವರಿಗೆ ಅದು ದಿನದಿನದ ಖರ್ಚಾಗಿತ್ತು.

ಇದಕ್ಕೆ ಜನರೇ ಕಂಡುಕೊಂಡ ಪರಿಹಾರ ಎರಡು ಸಿಮ್: ಒಂದು ಮಹಾರಾಷ್ಟ್ರದ್ದು, ಒಂದು ಕರ್ನಾಟಕದ್ದು. ಮೊದಮೊದಲು ಎರಡು ಫೋನು ಬೇಕಾಗುತ್ತಿತ್ತು, ಇಲ್ಲವೇ ರೈಲು ಹೊಳೆ ದಾಟಿದಾಗ ಬ್ಯಾಟರಿ ಬಿಚ್ಚಿ ಸಿಮ್ ಬದಲಿಸಬೇಕಿತ್ತು. ಆಮೇಲೆ ಮೈಕ್ರೋಮ್ಯಾಕ್ಸ್‌ನಂಥ ಕಂಪನಿಗಳು ಎರಡು ಸಿಮ್ಮಿನ ಅಗ್ಗದ ಫೋನುಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ನೋಕಿಯಾ ಈ ಬೇಡಿಕೆಯನ್ನು ಅರಿತು ಎರಡು ಸಿಮ್ಮಿನ ಫೋನ್ ತರುವಷ್ಟರಲ್ಲಿ ತಡವಾಗಿತ್ತು. ಎರಡು ಸಿಮ್ಮಿನ ಫೋನ್ ಎಂದರೆ ಗಿರಾಕಿಯ ಕೈಯಲ್ಲಿ ಎರಡು ಕಂಪನಿಗಳ ನಡುವೆ ದಿನವೂ ಆರಿಸುವ ಅಧಿಕಾರ. ತೆರೆದ ಫೋನಿನ ಪೂರ್ತಿ ರೂಪ ಅದೇ. ಕಂಪನಿಗಳ ಲಾಕ್ ಭಾರತದಲ್ಲಿ ಬೇರೂರದಿರಲು ಈ ಎರಡನೇ ಸಿಮ್ಮಿನ ಚಟವೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

ಈಗ ರೋಮಿಂಗ್ ದರ ಇಲ್ಲ. ಜಿಯೋ ಬಂದ ಮೇಲೆ ಉಳಿದವರೂ ಅದನ್ನು ಕೈಬಿಟ್ಟರು. ಏರ್‌ಟೆಲ್ 2017ರ ಏಪ್ರಿಲ್‌ನಿಂದ ಬಿಟ್ಟಿತು. ಹಾಗಾದರೆ ಗಡಿಯವರಿಗೆ ತೆರೆದ ಫೋನಿನ ಅಗತ್ಯ ಮುಗಿಯಿತೇ? ಇಲ್ಲ. ದರದ ಗಡಿ ಹೋಯಿತು, ರೇಂಜಿನ ಗಡಿ ಉಳಿಯಿತು. ರಾಜ್ಯದ ಅಂಚಿನ ಹಳ್ಳಿಗಳಲ್ಲಿ ಟವರುಗಳು ವಿರಳ. ಒಂದು ಕಂಪನಿಯ ರೇಂಜು ಊರಿನಲ್ಲಿ ಚೆನ್ನಾಗಿದ್ದರೆ ತೋಟದ ವಸ್ತಿಯಲ್ಲಿ ಸಿಗುವುದಿಲ್ಲ. ಇನ್ನೊಂದರದು ತೋಟದಲ್ಲಿ ಸಿಕ್ಕರೆ ಮನೆಯೊಳಗೆ ಸಿಗುವುದಿಲ್ಲ. ಯಾವುದು ಎಲ್ಲಿ ಹಿಡಿಯುತ್ತದೆ ಎಂಬುದು ಜಾಹೀರಾತಿನಲ್ಲಿ ತಿಳಿಯದು, ಆ ಊರಿನಲ್ಲಿ ಬಾಳಿದವರಿಗೇ ಗೊತ್ತು.

ರೇಂಜ್ ಎಂಬುದು ಇವತ್ತು ಮಾತಿಗಷ್ಟೇ ಬೇಕಾದದ್ದಲ್ಲ. ಬ್ಯಾಂಕಿನ ಓಟಿಪಿ ಬರಬೇಕು. ಯುಪಿಐ ನಡೆಯಬೇಕು. ಮಹಾರಾಷ್ಟ್ರದಲ್ಲಿ 2024ರಲ್ಲಿ ಶುರುವಾದ, ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಲಾಡಕಿ ಬಹೀಣ ಯೋಜನೆಯ ಇ-ಕೆವೈಸಿಗೆ ಆಧಾರಿಗೆ ಜೋಡಿಸಿದ ಮೊಬೈಲಿಗೇ ಓಟಿಪಿ ಬರುತ್ತದೆ. ಆ ನಂಬರಿನ ಸಿಮ್ ಒಂದು ಕಂಪನಿಯದು, ಕೈಯಲ್ಲಿರುವ ಫೋನು ಇನ್ನೊಂದು ಕಂಪನಿಗೆ ಲಾಕ್ ಆದದ್ದು ಎಂದರೆ ಆ ತಾಯಿ ಓಟಿಪಿಗಾಗಿ ಯಾರದೋ ಫೋನು ಕೇಳಬೇಕು. ತನ್ನ ಗುಟ್ಟಿನ ಅಂಕಿಗಳನ್ನು ಇನ್ನೊಬ್ಬರ ಫೋನಿನಲ್ಲಿ ತೆರೆಯುವುದು ಎಷ್ಟು ಅಪಾಯ ಎಂಬುದನ್ನು ಮೋಸದ ಸುದ್ದಿಗಳನ್ನು ಓದುವ ಯಾರಿಗೂ ಹೇಳಬೇಕಿಲ್ಲ.

ಇನ್ನು ಹೊಳೆ. 2020ರ ಅಕ್ಟೋಬರಿನಲ್ಲಿ ಮಳೆ ಜೋರಾಗಿ, ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮಾ ದಂಡೆಯ ಊರುಗಳಿಗೆ ನುಗ್ಗಿತು. ಅಕ್ಕಲಕೋಟ, ಇಂಡಿ, ಅಫಜಲಪುರ ತಾಲ್ಲೂಕುಗಳ ಜನ ಮನೆ ಬಿಟ್ಟು ಹೊರಬಿದ್ದರು. ಇಂಥ ವೇಳೆ ಕರೆಂಟ್ ಹೋಗುತ್ತದೆ. ಟವರು ಬ್ಯಾಟರಿ ಇರುವಷ್ಟು ಹೊತ್ತು ಉಸಿರಾಡಿ ನಿಲ್ಲುತ್ತದೆ. ಒಂದು ಕಂಪನಿಯ ಟವರು ಮಲಗಿದಾಗ ಇನ್ನೊಂದರದು, ಅಥವಾ ಹೊಳೆಯಾಚೆಯದು, ನಡೆಯುತ್ತಿರಬಹುದು. ಎರಡು ಕಂಪನಿಯ ಸಿಮ್ ಹಾಕಿಟ್ಟುಕೊಂಡ ತೆರೆದ ಫೋನಿನವನಿಗೆ ಆಗ ಎರಡು ದಾರಿ. ಲಾಕ್ ಫೋನಿನವನಿಗೆ ಒಂದೇ. 112ಕ್ಕೆ ಮಾಡುವ ತುರ್ತು ಕರೆಯನ್ನು ಲಾಕ್ ತಡೆಯುವುದಿಲ್ಲ, ಸಿಕ್ಕ ಯಾವ ನೆಟ್‌ವರ್ಕಿನಿಂದಲೂ ಅದು ಹೋಗಬಹುದು, ನಿಜ. ಆದರೆ ಮೇಲಿನ ಊರಿನ ತಮ್ಮನಿಗೆ ಟ್ರ್ಯಾಕ್ಟರ್ ತಾ ಎಂದು ಹೇಳಲು 112 ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಪೂರ್ತಿಯಾಗಿ ಇಡಬೇಕು, ಏಕೆಂದರೆ ಅದು ಗಟ್ಟಿಯಾದ ವಾದ. 2017ರಲ್ಲಿ ಜಿಯೋಫೋನ್ ಬಂದಿತು. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ಫೋನ್ ಮರಳಿಸಿದರೆ ಹಣ ವಾಪಸ್ ಎಂಬ ಮಾತು, ಒಳಗೆ 4ಜಿ. ಅದರಲ್ಲಿ ಜಿಯೋ ಸಿಮ್ ಬಿಟ್ಟು ಬೇರೆ ನಡೆಯುವುದಿಲ್ಲ. 2023ರ ಜುಲೈಯಲ್ಲಿ 999 ರೂಪಾಯಿಯ ಜಿಯೋಭಾರತ್ ಬಂದಿತು. 28 ದಿನಕ್ಕೆ 123 ರೂಪಾಯಿಯ ರಿಚಾರ್ಜು, ಅದರಲ್ಲೇ ಯುಪಿಐ. ಅದೂ ಜಿಯೋಗೇ ಕಟ್ಟುಬಿದ್ದ ಫೋನು. ಮನೆಯಲ್ಲಿ ಗಂಡಸರ ಕೈಯಲ್ಲಷ್ಟೇ ಫೋನಿದ್ದ ಎಷ್ಟೋ ಕುಟುಂಬಗಳಲ್ಲಿ ಅತ್ತೆಗೆ, ಸೊಸೆಗೆ ಸ್ವಂತ ಫೋನು ಬಂದದ್ದು ಇಂಥ ಯೋಜನೆಗಳಿಂದ. ಕೂಲಿಯ ದುಡಿಮೆಯವರಿಗೆ ಆರೇಳು ಸಾವಿರದ ತೆರೆದ ಫೋನೇ ಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಆ ಆರೇಳು ಸಾವಿರ ಎಲ್ಲಿಂದ ತರಬೇಕು ಎಂಬುದಕ್ಕೆ ಉಪದೇಶಕರಲ್ಲಿ ಉತ್ತರವಿಲ್ಲ. ಕಂಪನಿ ತನ್ನ ಕೈಯಿಂದ ಹಣ ಹಾಕಿ ಅಗ್ಗಕ್ಕೆ ಫೋನು ಕೊಟ್ಟಾಗ, ಗಿರಾಕಿ ಮರುದಿನವೇ ಬೇರೆ ಕಂಪನಿಗೆ ಹೋದರೆ ಆ ಹಣ ಮುಳುಗುತ್ತದೆ. ಲಾಕ್ ಇಲ್ಲದಿದ್ದರೆ ಅಗ್ಗದ ಫೋನೇ ಇರುವುದಿಲ್ಲ ಎನ್ನುವುದು ಅವರ ವಾದದ ತಿರುಳು.

ಅಂಕಿಯಲ್ಲೇ ನೋಡೋಣ. 2023ರ ಏಪ್ರಿಲ್‌ನಲ್ಲಿ 8,499 ರೂಪಾಯಿ ಬೆಲೆ ಹೇಳಿಕೊಂಡು ಬಂದ ಪೋಕೊ ಸಿ51 ಎಂಬ ಸ್ಮಾರ್ಟ್‌ಫೋನು ಅದೇ ವರ್ಷದ ಜುಲೈಯಲ್ಲಿ ಏರ್‌ಟೆಲ್‌ಗೆ 18 ತಿಂಗಳು ಲಾಕ್ ಆದ ರೂಪದಲ್ಲಿ 5,999 ರೂಪಾಯಿಗೆ ಸಿಕ್ಕಿತು. ಉಳಿತಾಯ 2,500 ರೂಪಾಯಿ. 18 ತಿಂಗಳಿಗೆ 28 ದಿನದ ರಿಚಾರ್ಜು ಸುಮಾರು 20 ಸಲ ಮಾಡಿಸಬೇಕು. ಅಂದರೆ ಒಂದು ರಿಚಾರ್ಜಿಗೆ 125 ರೂಪಾಯಿ ಉಳಿದಂತೆ. ಬೇರೆ ಕಂಪನಿಯ ಪ್ಯಾಕು 50 ರೂಪಾಯಿ ಅಗ್ಗವಿದ್ದರೂ ಲಾಕ್ ಫೋನಿನವನು ಲಾಭದಲ್ಲೇ ಇರುತ್ತಾನೆ. ಅದೇ ಕಂಪನಿಯ ಸಿಮ್ ವರ್ಷಗಳಿಂದ ಇಟ್ಟುಕೊಂಡವನು, ಮನೆ ಹೊಲ ಎರಡರಲ್ಲೂ ಅದರ ರೇಂಜು ಸಿಗುವವನು, ಎರಡನೇ ಸಿಮ್ ಬೇಕಿಲ್ಲದವನು ಇಂಥ ಫೋನು ಕೊಂಡರೆ ತಪ್ಪೇನಿಲ್ಲ. ಸೊಲ್ಲಾಪುರ ನಗರದ ನಡುವೆ ಇರುವವರಿಗೆ ಈ ಲೆಕ್ಕ ಚೆನ್ನಾಗಿಯೇ ಕೂಡುತ್ತದೆ.

ತಡವಳದಲ್ಲಿ ಅದೇ ಲೆಕ್ಕ ಕೂಡುವುದಿಲ್ಲ. ಇಲ್ಲಿ ಎರಡನೇ ಸಿಮ್ ಬೇಕಾದವರು ಅದಕ್ಕಾಗಿ ಇನ್ನೊಂದು ಫೋನು ಇಟ್ಟುಕೊಳ್ಳಬೇಕಾಗುತ್ತದೆ. ಉಳಿದ 2,500ರಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಮಗ ಕೆಲಸಕ್ಕೆಂದು ಪುಣೆಗೋ ಬೆಂಗಳೂರಿಗೋ ಹೋಗಿ, ತನ್ನ ಹಳೆಯ ಫೋನನ್ನು ಅಪ್ಪನಿಗೆ ಕೊಟ್ಟರೆ ಅಪ್ಪನ ಸಿಮ್ ಅದರಲ್ಲಿ ನಡೆಯುವುದಿಲ್ಲ. ಮಾರಲು ಹೋದರೆ ಲಾಕ್ ಫೋನಿಗೆ ಗಿರಾಕಿ ಕಡಿಮೆ. ನಮ್ಮ ಮನೆಗಳಲ್ಲಿ ಒಂದು ಫೋನು ಒಬ್ಬರ ಕೈಯಲ್ಲೇ ಸಾಯುವುದಿಲ್ಲ. ಅಣ್ಣನಿಂದ ತಮ್ಮನಿಗೆ, ಅವನಿಂದ ಅವ್ವನಿಗೆ ದಾಟುತ್ತಾ ನಾಲ್ಕೈದು ವರ್ಷ ಬಾಳುತ್ತದೆ. ಹೀಗೆ ದಾಟುವ ಪ್ರತಿ ಹೆಜ್ಜೆಗೂ ಲಾಕ್ ಅಡ್ಡ ಬರುತ್ತದೆ. ಕೊಳ್ಳುವ ದಿನದ ಬೆಲೆಯನ್ನಷ್ಟೇ ನೋಡಿದರೆ ಈ ಖರ್ಚುಗಳು ಕಾಣುವುದಿಲ್ಲ.

ಇಲ್ಲಿ ಎರಡು ಬಗೆಯ ಲಾಕನ್ನು ಬೇರೆಬೇರೆಯಾಗಿ ನೋಡುವುದು ನ್ಯಾಯ. 18 ತಿಂಗಳ ಲಾಕಿಗೆ ಒಂದು ಕೊನೆ ಇದೆ. ರಿಯಾಯಿತಿ ಎಷ್ಟು, ಅದಕ್ಕೆ ಎಷ್ಟು ದಿನ ಕಟ್ಟುಬೀಳಬೇಕು ಎಂದು ಎರಡನ್ನೂ ತೂಗಿ ನೋಡಬಹುದು. ಕೊನೆಯೇ ಇಲ್ಲದ ಲಾಕಿನಲ್ಲಿ ಹಾಗೆ ತೂಗಲು ಬರುವುದಿಲ್ಲ. ಅಲ್ಲಿ ಗಿರಾಕಿ ಫೋನನ್ನು ಕೊಳ್ಳುತ್ತಿಲ್ಲ, ಬಾಡಿಗೆಗೆ ಪಡೆಯುತ್ತಿದ್ದಾನೆ. ಬಾಡಿಗೆ ಎಂದು ತಿಳಿದು ಪಡೆದರೆ ಆಕ್ಷೇಪವಿಲ್ಲ. ಖರೀದಿ ಎಂದು ನಂಬಿಸಿ ಬಾಡಿಗೆಗೆ ಕೊಡುವುದು ಅನ್ಯಾಯ.

ಲಾಕಿನ ನಿಜವಾದ ಬೆಲೆ ತಿಳಿಯುವುದು ದರ ಏರಿದ ದಿನ. 2024ರ ಜುಲೈ ಆರಂಭದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಒಂದರ ಹಿಂದೆ ಒಂದರಂತೆ ದರ ಏರಿಸಿದವು. ಜಿಯೋದ 239 ರೂಪಾಯಿಯ ಪ್ಯಾಕು 299 ಆಯಿತು, ಏರ್‌ಟೆಲ್‌ನ 179 ರೂಪಾಯಿಯದು 199 ಆಯಿತು. ಆ ತಿಂಗಳು ದರ ಏರಿಸದೆ ಉಳಿದಿದ್ದ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಹೊಸ ಗಿರಾಕಿಗಳು ಸೇರಿದರು ಎಂದು ಟ್ರಾಯ್ ಅಂಕಿಗಳು ಹೇಳುತ್ತವೆ. ಖಾಸಗಿ ಕಂಪನಿಗಳು ಮೂರೂ ಗಿರಾಕಿಗಳನ್ನು ಕಳೆದುಕೊಂಡವು. ಹೀಗೆ ಹೋದವರೆಲ್ಲರ ಕೈಯಲ್ಲೂ ಹೋಗಲು ಬರುವಂಥ ಫೋನಿತ್ತು. ಲಾಕ್ ಫೋನಿನವರಿಗೆ ಅದೇ ದರ ಏರಿಕೆ ಬಂದಿದ್ದರೂ ಹೊರಡುವ ದಾರಿ ಇರುತ್ತಿರಲಿಲ್ಲ.

ಹೊರಡುವ ದಾರಿ ಇರುವುದರ ಲಾಭ ಹೋದವರಿಗಷ್ಟೇ ಅಲ್ಲ, ಉಳಿದವರಿಗೂ ಇದೆ. ಅಕ್ಕಲಕೋಟ ಸೀಮೆಯ ಕಬ್ಬಿನ ರೈತನಿಗೆ ಇದು ಚೆನ್ನಾಗಿ ಗೊತ್ತು. ಸುತ್ತಲಿನ ನಾಲ್ಕು ಕಾರ್ಖಾನೆಗಳಲ್ಲಿ ಯಾವುದಕ್ಕೆ ಬೇಕಾದರೂ ಕಬ್ಬು ಕಳಿಸಬಹುದು ಎಂದಿರುವಾಗಲೇ ಅವನ ಕಬ್ಬಿಗೆ ದರ. ಅವನು ಪ್ರತಿ ವರ್ಷ ಕಾರ್ಖಾನೆ ಬದಲಿಸಬೇಕಿಲ್ಲ. ಬದಲಿಸಬಲ್ಲ ಎಂಬ ಅಂಜಿಕೆ ಕಾರ್ಖಾನೆಗೆ ಇದ್ದರೆ ಸಾಕು. ಮೊಬೈಲ್ ಕಂಪನಿಯೂ ಹಾಗೆಯೇ. ಟವರು ಹಾಕಿ ಎಂದು ಊರಿನವರು ಬರೆದುಕೊಟ್ಟ ಅರ್ಜಿಗಿಂತ, ಊರಿನವರು ಬಿಟ್ಟುಹೋಗಬಲ್ಲರು ಎಂಬ ಭಯ ಹೆಚ್ಚು ಕೆಲಸ ಮಾಡುತ್ತದೆ. ಊರಿನಲ್ಲಿ ಹೆಚ್ಚಿನವರ ಫೋನು ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಆ ಕಂಪನಿಗೆ ಅಲ್ಲಿ ರೇಂಜು ಸುಧಾರಿಸುವ ಆತುರವೂ ಇರುವುದಿಲ್ಲ, ಇನ್ನೊಂದು ಕಂಪನಿಗೆ ಅಲ್ಲಿ ಹೊಸ ಟವರು ಹಾಕುವ ಆಸೆಯೂ ಹುಟ್ಟುವುದಿಲ್ಲ. ಮೊದಲೇ ಅಂಚಿನಲ್ಲಿರುವ ಊರು ಇನ್ನೂ ಅಂಚಿಗೆ ಸರಿಯುತ್ತದೆ.

ನಂಬರಿನ ವಿಷಯದಲ್ಲಿ ನಮ್ಮ ದೇಶ ಈ ತತ್ವವನ್ನು ಒಪ್ಪಿ ಬಹಳ ದಿನವಾಯಿತು. 2011ರ ಜನವರಿ 20ರಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ಇಡೀ ದೇಶಕ್ಕೆ ಸಿಕ್ಕಿತು. 2015ರ ಜುಲೈಯಿಂದ ಒಂದು ಸರ್ಕಲ್‌ನಿಂದ ಇನ್ನೊಂದಕ್ಕೂ ನಂಬರ್ ಒಯ್ಯಬಹುದಾಯಿತು. ಗಡಿಯವರಿಗೆ ಆ ಎರಡನೇ ಹೆಜ್ಜೆಯೇ ದೊಡ್ಡದು. ಮದುವೆಯಾಗಿ ಹೊಳೆ ದಾಟಿದ ಹೆಣ್ಣುಮಗಳು ತನ್ನ ನಂಬರ್ ಜೊತೆಗೇ ಒಯ್ಯಬಲ್ಲಳು. ಆದರೆ ನಂಬರ್ ಒಯ್ಯಬಹುದು, ಫೋನು ಮಾತ್ರ ಬರುವುದಿಲ್ಲ ಎಂದರೆ ಆ ಹಕ್ಕು ಅರ್ಧವಾಯಿತು. ನಂಬರನ್ನು ನಮ್ಮದೆಂದು ಒಪ್ಪಿದ ಮೇಲೆ, ರೊಕ್ಕ ಕೊಟ್ಟು ಕೊಂಡ ಫೋನು ನಮ್ಮದೆಂದು ಒಪ್ಪಲು ಏನಡ್ಡಿ?

ರಿಯಾಯಿತಿ ಕೊಟ್ಟ ಕಂಪನಿಯ ಹಣ ಮುಳುಗಬಾರದು ಎಂಬ ವಾದಕ್ಕೆ ಬೇರೆ ದೇಶಗಳು ಉತ್ತರ ಕೊಟ್ಟಿವೆ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಕಂಪನಿಗಳು ಮಾರುವ ಹೊಸ ಫೋನುಗಳೆಲ್ಲ ಲಾಕ್ ಇಲ್ಲದೆ ಇರಬೇಕು, ಹಳೆಯವುಗಳ ಲಾಕನ್ನು ಪುಕ್ಕಟೆ ತೆಗೆದುಕೊಡಬೇಕು ಎಂದಾಯಿತು. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಫೋನು ಮಾರುವುದೇ ನಿಷಿದ್ಧ. ಅಲ್ಲಿ ಕಂತಿನ ಮೇಲೆ ಫೋನು ಕೊಡುವುದು ನಿಂತಿಲ್ಲ. ಕಂತು ಬಾಕಿ ಇದ್ದರೆ ಅದು ಸಾಲ. ಸಾಲವನ್ನು ಸಾಲವಾಗಿ ವಸೂಲು ಮಾಡಬೇಕು. ಗಿರಾಕಿ ಯಾವ ಟವರು ಬಳಸುತ್ತಾನೆ ಎಂಬುದಕ್ಕೂ ಸಾಲಕ್ಕೂ ಸಂಬಂಧವಿಲ್ಲ. ಅಮೆರಿಕದ ಕತೆ ಇದಕ್ಕಿಂತ ಅಂಕುಡೊಂಕು. 2013ರ ಜನವರಿಯಲ್ಲಿ ಅಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ಹೊಸ ಫೋನಿನ ಲಾಕ್ ತೆಗೆಯುವುದು ಕಾನೂನುಬಾಹಿರವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆ ಆ ಹಕ್ಕನ್ನು ಮರಳಿ ಕೊಟ್ಟಿತು. ಆದರೂ ಅಲ್ಲಿನ ಕಂಪನಿಗಳು ಇಂದಿಗೂ ತಮ್ಮ ಷರತ್ತು ಮುಗಿಯುವವರೆಗೆ ಲಾಕ್ ಇಡುತ್ತವೆ.

ಅಮೆರಿಕದ ಆ ಲಾಕ್ ನಮ್ಮ ಮನೆಗಳಿಗೂ ಬರುತ್ತದೆ. ಅಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ತಾವು ಬಳಸಿದ ಒಳ್ಳೆಯ ಫೋನನ್ನು ಊರಿಗೆ ತಂದು ಕೊಡುತ್ತಾರೆ. ಇಲ್ಲಿನ ಸಿಮ್ ಹಾಕಿದರೆ ಅದು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿನ ಕಂತು ತೀರಿಲ್ಲ, ಇಲ್ಲವೇ ಲಾಕ್ ತೆಗೆಸಿಲ್ಲ. ಹೊರಡುವ ಮೊದಲು ಅಲ್ಲಿನ ಕಂಪನಿಗೆ ಹೇಳಿ ಲಾಕ್ ತೆಗೆಸಿಕೊಂಡು ಬರಬೇಕು. ಐಫೋನಾದರೆ ಸೆಟ್ಟಿಂಗ್ಸ್‌ನ ಜನರಲ್, ಅಬೌಟ್ ವಿಭಾಗದಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲು ನೋಡಿದರೆ ತಿಳಿಯುತ್ತದೆ. ಲಾಕ್ ತೆಗೆದರೂ ಇನ್ನೆರಡು ತೊಡಕು ಉಳಿಯಬಹುದು. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾಡಿಸಬೇಕು. ಇನ್ನು ಜಿಯೋದಲ್ಲಿ 2ಜಿ, 3ಜಿ ಇಲ್ಲವಾದ್ದರಿಂದ, 4ಜಿಯ ಮೇಲೆಯೇ ಹೋಗುವ ಅದರ ವೋಲ್ಟಿ ಕರೆಗೆ ಹೊಂದದ ಹೊರದೇಶದ ಫೋನಿನಲ್ಲಿ ಇಂಟರ್‌ನೆಟ್ ಬಂದರೂ ಸಾಮಾನ್ಯ ಕರೆ ಹೋಗದೆ ಇರಬಹುದು. ತೆರೆದ ಫೋನು ಎಂದ ಮಾತ್ರಕ್ಕೆ ಎಲ್ಲ ಟವರಿಗೂ ಹೊಂದುತ್ತದೆ ಎಂದಲ್ಲ. ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಮೆಗಾಹರ್ಟ್ಸ್ ತರಂಗವನ್ನೂ ಬಳಸುತ್ತದೆ; ಆ ಬ್ಯಾಂಡ್ ಇಲ್ಲದ ಹಳೆಯ ಫೋನಿನವರಿಗೆ ಅದರ ಪೂರ್ತಿ ಪ್ರಯೋಜನ ಸಿಗದು.

ಇನ್ನೊಂದು ಬಗೆಯ ಲಾಕೂ ಇದೆ. ಹಪ್ತೆಯ ಮೇಲೆ ಫೋನು ಕೊಡುವ ಕೆಲವು ಸಾಲದ ಕಂಪನಿಗಳು ಒಳಗೆ ಒಂದು ಆ್ಯಪ್ ಹಾಕಿರುತ್ತವೆ. ಹಪ್ತೆ ತಪ್ಪಿದರೆ ದೂರದಿಂದಲೇ ಫೋನು ಬಂದ್. ಸಾಲ ತೀರಿಸುವುದು ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಲಿಯ ಕರೆ, ಪಗಾರದ ಯುಪಿಐ, ಮಕ್ಕಳ ಶಾಲೆಯ ಸುದ್ದಿ ಎಲ್ಲ ಬರುವ ಸಾಧನವನ್ನೇ ಮುಚ್ಚಿದರೆ ಹಪ್ತೆ ಕಟ್ಟುವ ದಾರಿಯೂ ಮುಚ್ಚುತ್ತದೆ. ಸಹಿ ಹಾಕುವ ಮೊದಲು ಇಂಥ ಆ್ಯಪ್ ಇದೆಯೇ ಎಂದು ಕೇಳಲೇಬೇಕು.

ಹಾಗಾದರೆ ಗಡಿಯ ಊರಿನವರು ಏನು ಮಾಡಬೇಕು? ಸ್ಮಾರ್ಟ್‌ಫೋನಿಗೆ ರೊಕ್ಕ ಕೂಡಿಸಿದವರು ಎರಡು ಸಿಮ್ಮಿನ ತೆರೆದ ಫೋನನ್ನೇ ಆರಿಸಬೇಕು. ಹಣ ಸಾಲದಿದ್ದರೆ ಹೊಸ ಲಾಕ್ ಫೋನಿಗಿಂತ ಹಳೆಯ ತೆರೆದ ಫೋನು ಮೇಲು. ಹಳೆಯದನ್ನು ಕೊಳ್ಳುವಾಗ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಬೇಕು. ಕದ್ದದ್ದೆಂದು ದೂರು ಬಂದು ಬಂದ್ ಆದ ಫೋನಾಗಿದ್ದರೆ ಅಲ್ಲೇ ತಿಳಿಯುತ್ತದೆ. ಹೊಸದಾಗಲಿ ಹಳೆಯದಾಗಲಿ, ರೊಕ್ಕ ಎಣಿಸುವ ಮೊದಲು ಅಂಗಡಿಯಲ್ಲೇ ಎರಡು ಬೇರೆ ಕಂಪನಿಗಳ ಸಿಮ್ ಹಾಕಿ, ಎರಡರಿಂದಲೂ ಫೋನ್ ಹಚ್ಚಿ ನೋಡಬೇಕು. ಸಾವಿರ ರೂಪಾಯಿಯೊಳಗಿನ ಲಾಕ್ ಫೋನೇ ಗತಿ ಎಂಬ ಮನೆಯವರು ಅದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆಧಾರ್, ಬ್ಯಾಂಕ್ ಜೋಡಿಸಿದ ನಂಬರ್ ಯಾವ ಫೋನಿನಲ್ಲಿ ನಡೆಯುತ್ತದೆ ಎಂಬುದನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬೇಕು.

ಗಿರಾಕಿಯ ಜಾಣತನವೊಂದರಿಂದ ಇದು ಮುಗಿಯುವುದಿಲ್ಲ. ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಮಾಡಬೇಕಾದ ಕೆಲಸ ಮೂರು. ಲಾಕ್ ಇರುವ ಫೋನಿನ ಡಬ್ಬಿಯ ಮೇಲೆ ಯಾವ ಕಂಪನಿಗೆ ಲಾಕ್, ಎಂದಿನವರೆಗೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿಸಬೇಕು. ಅಕ್ಕಲಕೋಟದಂಥ ತಾಲ್ಲೂಕುಗಳಲ್ಲಿ ಆ ಮಾತು ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಬೇಕು. ಯಾವ ಲಾಕಿಗೂ ಒಂದು ಕೊನೆಯ ದಿನ ಇರಬೇಕು. ರಿಯಾಯಿತಿಯ ಹಣವನ್ನು ಗಿರಾಕಿ ನಡುವೆಯೇ ಕಟ್ಟಿದರೆ ಅಂದೇ ಲಾಕ್ ಬಿಚ್ಚಬೇಕು. ಕೊನೆಯ ದಿನ ಬಂದಾಗ ಅರ್ಜಿ, ಶುಲ್ಕ, ಅಲೆದಾಟ ಯಾವುದೂ ಇಲ್ಲದೆ ಲಾಕ್ ತಾನಾಗಿಯೇ ಹೋಗಬೇಕು. ಇವುಗಳಲ್ಲಿ ಯಾವುದೂ ಅಗ್ಗದ ಫೋನನ್ನು ನಿಲ್ಲಿಸುವುದಿಲ್ಲ. ಕಂಪನಿ ತಾನು ಹಾಕಿದ ಹಣವನ್ನು ಪಡೆಯಲಿ, ಆದರೆ ಅದು ಬಂದು ಮುಟ್ಟಿದ ಮೇಲೂ ಗಿರಾಕಿಯನ್ನು ಹಿಡಿದಿಡುವ ಅಧಿಕಾರ ಅದಕ್ಕೆ ಬೇಡ.

ರಾಜ್ಯದ ಗಡಿಯನ್ನು ತಡವಳದ ಜನ ಹಾಕಿದವರಲ್ಲ, ಟೆಲಿಕಾಂ ಸರ್ಕಲ್ಲನ್ನೂ ಅವರು ಹಾಕಿದವರಲ್ಲ. ಅವೆರಡರ ನಡುವೆ ದಿನನಿತ್ಯ ಬಾಳುವ ಉಪಾಯವನ್ನು ಅವರು ಎರಡು ಸಿಮ್ಮಿನ ಫೋನಿನಲ್ಲಿ ತಾವೇ ಕಂಡುಕೊಂಡರು. ಅದರ ಮೇಲೆ ಮೂರನೆಯ ಗಡಿಯೊಂದನ್ನು ಕಿಸೆಯೊಳಗೇ ತಂದಿಡಲು ಯಾವ ಕಂಪನಿಗೂ ಬಿಡಬಾರದು. ಅದಕ್ಕೆ ನಿಯಮ ಬರುವವರೆಗೆ, ಅಂಗಡಿಯಲ್ಲಿ ಬೆಲೆ ಕೇಳುವ ಪ್ರತಿಯೊಬ್ಬರೂ ಲಾಕ್ ಇದೆಯೇ, ಇದ್ದರೆ ಯಾವ ತಾರೀಖಿಗೆ ಹೋಗುತ್ತದೆ ಎಂದು ಕೇಳಲಿ. ಅಂಗಡಿಯವರ ಬಳಿ ಉತ್ತರವಿಲ್ಲದಿದ್ದರೆ ಆ ಫೋನನ್ನು ಅಲ್ಲೇ ಬಿಟ್ಟು ಬರಲಿ.